ಒಂದು ಸಲ ಬ್ಯಾಡ ಅಂದರೆ

ಆ ಚಳಿಗಾಲಕ್ಕೆಂದು ನನ್ನ ಕೈಗೆ ಬಂದ ಪೆಟ್ಟಿಗೆಯಲ್ಲಿ ಹಿಮವಿತ್ತು. ನಿಜವಾದ ಹಿಮವಲ್ಲ, ಬಿಳಿ ಅರಳೆ, ಅದರ ಮೇಲೆ ಒಂದಿಷ್ಟು ಮಿನುಗುವ ಪುಡಿ. ಜೊತೆಗೆ ಹಿಮದ ಗೊಂಬೆಯ ಚಿತ್ರ, ಉಣ್ಣೆಯ ಕೈಗವಸು ಹಾಕಿಕೊಂಡು ಕುಣಿಯುವ ಮಕ್ಕಳ ಚಿತ್ರ, ಒಂದು ನೀಲಿ ಬಟ್ಟೆ. ಬಾಯಿಂದ ಮಾತು ಹೊರಡದ ಮಕ್ಕಳು, ಅಂದರೆ ಚಿತ್ರದ ಹಲಗೆ ತೋರಿಸಿಯೋ, ಒತ್ತಿದರೆ ಮಾತಾಡುವ ಗುಂಡಿ ಒತ್ತಿಯೋ ತಮ್ಮ ಮನಸ್ಸು ತಿಳಿಸುವ ಮಕ್ಕಳು, ಚಳಿಗಾಲವನ್ನು ಮುಟ್ಟಿ, ಮೂಸಿ, ರುಚಿ ನೋಡಿ, ಆಮೇಲೆ ಅದರ ಬಗ್ಗೆ ಏನಾದರೂ ಹೇಳುವಂತೆ ಮಾಡುವುದು ನನ್ನ ಕೆಲಸ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಹೀಗೆ ನಾಲ್ಕು ತಾಲೂಕು, ಹನ್ನೊಂದು ಮಕ್ಕಳು, ವಿಶೇಷ ಶಿಕ್ಷಕಿ ನಾನೊಬ್ಬಳು. ಓಡಾಟಕ್ಕೆ ಕೆಂಪು ಬಸ್ಸು.

ಮೊದಲು ಹಿಮ ಸುರಿದದ್ದು ಹಿರೇಕೆರೂರಿನಲ್ಲಿ. ಅಲ್ಲಿ ಒಬ್ಬ ಹುಡುಗನ ಮುಂದೆ ನೀಲಿ ಬಟ್ಟೆ ಹಾಸಿ ಅರಳೆ ಹರಡಿದೆ. ಅವನ ತಾಯಿ ಹೊಲದಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದಳು. ಸೆರಗಿಗೆ ಇನ್ನೂ ಎಳೆಗಳು ಅಂಟಿಕೊಂಡಿದ್ದವು.

“ಅಕ್ಕೋರ, ಇದು ಹತ್ತಿ ಅಲ್ಲೇನ್ರಿ? ನಾ ಮುಂಜಾನಿಂದ ಇದನ್ನ ಬಿಡಿಸಿ ಬಂದೇನಿ.”

“ಹತ್ತೀನ. ಆದ್ರ ಇವತ್ತ ಇದನ್ನ ಹಿಮ ಅಂತ ತಿಳ್ಕೋಬೇಕು.”

“ಯಾಕ್ರಿ?” ಎಂದಳು. ಅವಳು ವಾದಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದು. ಹುಡುಗ ಅಷ್ಟರಲ್ಲಿ ಹಿಮವನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ್ದ.

ಶಿಗ್ಗಾಂವಕ್ಕೆ ಮರಳುವ ಬಸ್ಸಿನಲ್ಲೇ ಆ ಪೆಟ್ಟಿಗೆ ಖಾಲಿ ಮಾಡುವುದೆಂದು ನಿರ್ಧರಿಸಿದೆ. ನಮ್ಮ ಕಡೆಯ ಚಳಿಗೆ ಹಿಮ ಎಲ್ಲಿಂದ ಬರಬೇಕು? ನಮ್ಮ ಚಳಿ ಅಂದರೆ ಬಾಟಲಿಯೊಳಗೆ ಗಟ್ಟಿಯಾಗಿ ಕೂತ ಕೊಬ್ಬರಿ ಎಣ್ಣೆ. ಬಿಸಿಲಿಗೆ ಹಾಕಿ ಮಡಚಿದ ಕೌದಿ, ಅದರ ಬೆಚ್ಚನೆಯ ವಾಸನೆ. ಬೀಜ ಸಮೇತ ಹತ್ತಿಕಾಯಿ, ಆಗತಾನೇ ಹುರಿದ ಶೇಂಗಾ, ಒಡೆದ ತುಟಿಗೆ ಹಚ್ಚುವ ಬೆಣ್ಣೆ. ಎರಡು ದಿನದಲ್ಲಿ ಪೆಟ್ಟಿಗೆ ತುಂಬಿತು. ಹಿಮದ ಗೊಂಬೆಯ ಚಿತ್ರದ ಹಿಂಬದಿ ಖಾಲಿ ಇತ್ತು, ಅಲ್ಲಿ ಕೌದಿಯ ಚಿತ್ರ ಅಂಟಿಸಿದೆ. ಕಾಗದ ಯಾಕೆ ಹಾಳು ಮಾಡಬೇಕು?

ವಸ್ತು ಸಿಕ್ಕ ಮಾತ್ರಕ್ಕೆ ಕೆಲಸ ಆಗುವುದಿಲ್ಲ, ಅದಕ್ಕೊಂದು ಕ್ರಮವಿದೆ. ಯಾವುದನ್ನೇ ಆದರೂ ಮೊದಲು ಮಗುವಿಗೆ ದೂರದಿಂದ ತೋರಿಸಬೇಕು. ಆಮೇಲೆ ಅಂಗೈಗಲ್ಲ, ಕೈಯ ಹಿಂಬದಿಗೆ ಸೋಕಿಸಬೇಕು. ಅಂಗೈಗೆ ಬೇಗ ಗಾಬರಿ. ಮೂಗು ಆಮೇಲೆ, ಬಾಯಿ ಎಲ್ಲಕ್ಕಿಂತ ಕೊನೆಗೆ. ಪ್ರತಿ ಹೆಜ್ಜೆಯ ನಂತರ ಸುಮ್ಮನೆ ಕೂತು ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಆಮೇಲಷ್ಟೇ ಹಲಗೆ ಹಿಡಿದು “ಬೇಕೋ, ಬ್ಯಾಡೋ?” ಎಂದು ಕೇಳಬೇಕು. ನಾನು ಸ್ವಭಾವದಿಂದ ಅವಸರದವಳು. ಹತ್ತು ಎಣಿಸುವುದನ್ನು ಈ ಮಕ್ಕಳೇ ನನಗೆ ಕಲಿಸಿದ್ದು.

ಆದರೂ ಅವಸರ ಸುಮ್ಮನೆ ಬಿಡುತ್ತದೆಯೇ? ಹಾನಗಲ್ಲಿನ ಶಾಲೆಯ ಕೋಣೆಯಲ್ಲಿ ನಾಲ್ಕು ಮಕ್ಕಳನ್ನು ಮುಂಜಾನೆ ಏಳೂವರೆಗೇ ಕರೆಸಿದೆ. ಇಬ್ಬನಿ ಆರುವ ಮೊದಲು ಹುಲ್ಲು ಮುಟ್ಟಿಸಬೇಕೆಂಬ ಹಟ ನನ್ನದು. ನಾಲ್ವರ ಕೈಗಳೂ ಮುಷ್ಟಿ ಕಟ್ಟಿ ಕೂತಿದ್ದವು. ಸೆರೆಬ್ರಲ್ ಪಾಲ್ಸಿಯ ಮಕ್ಕಳ ಸ್ನಾಯು ಥಂಡಿಗೆ ಇನ್ನಷ್ಟು ಬಿಗಿಯುತ್ತದೆ. ಇದನ್ನು ನಾನು ಬೇರೆಯವರಿಗೆ ಪಾಠ ಮಾಡುತ್ತೇನೆ. ಪ್ಲಾಸ್ಟಿಕ್ ಹೊದಿಸಿದ ಹಲಗೆಗಳು ಕಲ್ಲಿನಂತೆ ತಣ್ಣಗಿದ್ದವು. ಒಬ್ಬ ಅಪ್ಪ ಬಹಳ ಹೊತ್ತು ನೋಡಿ, “ಅಕ್ಕೋರ, ಈ ಥಂಡ್ಯಾಗ ನನ್ನ ಕೈನ ಬಗ್ಗವಲ್ವು. ಇವನವು ಹ್ಯಾಂಗ ಬಗ್ಗತಾವ್ರಿ?” ಎಂದರು. ಮರುದಿನದಿಂದ ಹನ್ನೊಂದು ಗಂಟೆಗೆ ಬದಲಿಸಿದೆ. ಉಪ್ಪನ್ನು ಬಾಣಲೆಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ನನ್ನ ಕೆನ್ನೆಗೆ ಮುಟ್ಟಿಸಿ ಹದ ನೋಡಿ, ಮೊದಲು ಆ ಗಂಟಿನಿಂದ ಕೈ ಬೆಚ್ಚಗೆ ಮಾಡುವುದು. ಮುಷ್ಟಿ ತಾನಾಗಿ ಸಡಿಲಿದ ಮೇಲೆ ಉಳಿದದ್ದು.

ಹತ್ತು ಮಕ್ಕಳ ಜೊತೆ ಹೇಗೋ ಹಳಿಗೆ ಬಂತು. ಹನ್ನೊಂದನೆಯವಳು ನನ್ನ ಸೊಕ್ಕು ಮುರಿದಳು.

ಅವಳು ಸವಣೂರಿನ ಹತ್ತಿರದ ಒಂದು ವೀಳ್ಯದೆಲೆ ಬಳ್ಳಿಯ ತೋಟದ ಮನೆಯ ಹುಡುಗಿ. ಎಂಟು ವರ್ಷ. ಕೈ ಕಾಲು ಅವಳ ಮಾತು ಕೇಳುವುದಿಲ್ಲ, ನಾಲಿಗೆಯೂ ಕೇಳುವುದಿಲ್ಲ. ಕಣ್ಣು ಮಾತ್ರ ಮಹಾ ಚುರುಕು. ಅಪ್ಪ ಅವ್ವ ಮುಂಜಾನೆಯೇ ತೋಟಕ್ಕೆ ಹೋಗುತ್ತಿದ್ದರು. ಇವಳನ್ನು ನೋಡಿಕೊಳ್ಳುವವಳು ಅಜ್ಜಿ. ಪಡಸಾಲೆಯಲ್ಲಿ ಅಜ್ಜಿ ಎಲೆಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟು ಕಟ್ಟುತ್ತ ಕೂರುವುದು, ಪಕ್ಕದಲ್ಲಿ ದಿಂಬಿನ ಆಸರೆಗೆ ಮೊಮ್ಮಗಳು, ಇದು ಆ ಮನೆಯ ಹಗಲು.

ಅವಳಿಗೆಂದು ನಾನು ನೋಟದ ಹಲಗೆ ಮಾಡಿದ್ದೆ. ಶಿಗ್ಗಾಂವದಲ್ಲಿ ಗಾಡಿಗಳ ನಂಬರ್ ಪ್ಲೇಟ್ ಮಾಡುವ ಅಂಗಡಿಯವನಿಂದ ಪಾರದರ್ಶಕ ಹಾಳೆ ತಂದು, ನಡುವೆ ಮುಖ ಕಾಣುವಷ್ಟು ಕಿಂಡಿ ಕೊರೆಸಿ, ನಾಲ್ಕು ಮೂಲೆಗೆ ನಾಲ್ಕು ಚಿತ್ರ ಅಂಟಿಸಿದ್ದು. ಮೇಲೆ ಎಡಕ್ಕೆ ‘ಬೇಕು’, ನಗುವ ಮುಖ. ಮೇಲೆ ಬಲಕ್ಕೆ ‘ಬ್ಯಾಡ’, ಅಡ್ಡ ಹಿಡಿದ ಅಂಗೈ. ಕೆಳಗಿನ ಎರಡು ಮೂಲೆಗೆ ಆವತ್ತಿನ ವಸ್ತುಗಳ ಚಿತ್ರ. ನಾನು ಈಚೆ ಕೂತು ಹಲಗೆ ಹಿಡಿದು ಕಿಂಡಿಯಿಂದ ಅವಳ ಕಣ್ಣು ನೋಡಬೇಕು, ಅವಳು ತನಗೆ ಬೇಕಾದ ಮೂಲೆ ನೋಡಬೇಕು. ನೋಟ ಅಲ್ಲಿ ಎರಡು ಎಣಿಸುವಷ್ಟು ನಿಂತು, ಆಮೇಲೆ ನನ್ನ ಮುಖಕ್ಕೆ ಮರಳಿದರೆ ಅದು ಅವಳ ಮಾತು.

ಜನವರಿ ಕೊನೆಗೆ ಹಾನಗಲ್ಲಿನಲ್ಲಿ ನಾಲ್ಕೂ ತಾಲೂಕಿನ ಮಕ್ಕಳಿಗೆ ಸಲಕರಣೆಯ ಶಿಬಿರವಿತ್ತು. ಇವಳಿಗೆ ಸಿಗಬೇಕಾದದ್ದು ಮಾತಾಡುವ ಯಂತ್ರ. ಅದರಲ್ಲಿ ಚಿತ್ರಗಳು ಒಂದೊಂದಾಗಿ ಬೆಳಗುತ್ತ ಹೋಗುತ್ತವೆ, ಬೇಕಾದದ್ದು ಬೆಳಗಿದಾಗ ಕೆನ್ನೆಯಿಂದ ಗುಂಡಿ ಒತ್ತಿದರೆ ಧ್ವನಿ ಬರುತ್ತದೆ. ಆದರೆ ಮಗು ಈಗಿರುವ ಹಲಗೆಯಲ್ಲಿ ಸ್ವಂತ ಇಚ್ಛೆಯಿಂದ ಆರಿಸುತ್ತದೆ ಎಂಬುದು ಪರೀಕ್ಷಕರ ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ಇಲ್ಲ. ಮುಂದಿನ ಶಿಬಿರ ಯಾವಾಗ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ.

ಮೊದಲ ಎರಡು ವಾರ ನಾನು ಹಿಗ್ಗಿದ್ದೇ ಹಿಗ್ಗಿದ್ದು. ತಣ್ಣನೆಯ ಒದ್ದೆ ಎಲೆ ಕೆನ್ನೆಗೆ ಮುಟ್ಟಿಸಿದರೆ ‘ಬೇಕು’. ಹತ್ತಿಕಾಯಿಯ ಒಣಗಿದ ಸಿಪ್ಪೆ ಚುಚ್ಚಿದರೆ ‘ಬ್ಯಾಡ’. ಮೂರನೆಯ ವಾರ ‘ಬ್ಯಾಡ’ ನಿಂತುಹೋಯಿತು. ನಾಲ್ಕನೆಯ ವಾರ ಎಲ್ಲವೂ ನಿಂತಿತು. ಹಲಗೆ ಎತ್ತಿದರೆ ಸಾಕು, ಕಣ್ಣು ಮುಚ್ಚಿಬಿಡುತ್ತಿದ್ದಳು.

ತಪ್ಪು ಹಲಗೆಯದೇ ಎಂದುಕೊಂಡೆ. ಕಿಟಕಿಯ ಬೆಳಕು ಹಾಳೆಯ ಮೇಲೆ ಹೊಳೆಯುತ್ತಿದೆ ಎಂದು ಅವಳನ್ನು ಆಚೆ ಗೋಡೆಗೆ ತಿರುಗಿಸಿದೆ. ಚಿತ್ರ ದೊಡ್ಡದು ಮಾಡಿದೆ, ಹಿಂದೆ ಕಪ್ಪು ಕಾಗದ ಹಚ್ಚಿದೆ. ಕತ್ತು ವಾಲುತ್ತಿದೆ ಎಂದು ಟವೆಲ್ ಸುತ್ತಿ ಆಸರೆ ಕೊಟ್ಟೆ. ಕಣ್ಣಿನ ಡಾಕ್ಟರರ ಹತ್ತಿರ ಕಳಿಸಿದೆ, ಕಣ್ಣು ಚೆನ್ನಾಗಿದೆ ಎಂದು ಅವರು ಬರೆದುಕೊಟ್ಟರು. ನನ್ನ ದಿನಚರಿ ಪುಸ್ತಕದ ಐದು ಪುಟ ಬರೀ ಹೊಸ ಉಪಾಯ, ಪ್ರತಿ ಪುಟದ ಕೊನೆಗೂ ‘ಕಣ್ಣು ಮುಚ್ಚಿದಳು’. ನನ್ನ ಮೇಲಿನ ಅಧಿಕಾರಿ ಫೋನಿನಲ್ಲಿ ಮೆತ್ತಗೆ ಹೇಳಿದರು: “ಈ ಸಲ ಆಕಿ ಹೆಸರು ಬಿಡ್ರಲಾ. ಆಗದ ಕೂಸನ್ನ ಅಷ್ಟ್ ದೂರ ಯಾಕ ಒಯ್ತೀರಿ?” ಒಂದು ವಾರ ಸಮಯ ಕೇಳಿದೆ. ಕೇಳಿದ್ದೇನೋ ಸರಿ, ಮಾಡುವುದೇನೆಂದು ನನಗೂ ಗೊತ್ತಿರಲಿಲ್ಲ.

ಆ ವಾರದ ಮೊದಲ ದಿನ ಕೊಬ್ಬರಿ ಎಣ್ಣೆಯ ಪಾಳಿ. ಗಟ್ಟಿ ಎಣ್ಣೆ ಕೈಗೆ ಹಚ್ಚಿದಾಗ ಮೊದಲು ತಣ್ಣಗೆ ಕೊರೆದು, ಆಮೇಲೆ ಮೈಯ ಕಾವಿಗೆ ಕರಗಿ ಜಾರುವುದು ಮಕ್ಕಳಿಗೆ ಮೋಜು. ನಾನು ಹಲಗೆ ಒರೆಸುತ್ತ ಕೂತಿದ್ದೆ, ಅಜ್ಜಿಯೇ ಎಣ್ಣೆ ತೆಗೆದಳು. ಮೊಮ್ಮಗಳು ಮುಖ ತಿರುಗಿಸಿದಳು.

“ಹಂಗ್ಯಾಕವ್ವಾ? ಚಲೋ ಐತಿ ನೋಡು, ಹಚ್ಗೋ,” ಎಂದು ಅಜ್ಜಿ ಮತ್ತೆ ಹಚ್ಚಿದಳು. ಹುಡುಗಿ ಮತ್ತೆ ತಿರುಗಿಸಿದಳು. “ಈಗ ಬ್ಯಾಡ ಅಂತಿ, ಆಮ್ಯಾಲೆ ನೀನ ಬೇಕಂತಿ,” ಎಂದು ಮೂರನೆಯ ಸಲ ಹಚ್ಚಿ ನೀವಿದಳು. ಪ್ರೀತಿಯಿಂದಲೇ. ಹುಡುಗಿ ಕಣ್ಣು ಮುಚ್ಚಿದಳು.

ಆಗಲೂ ನನಗೆ ತಿಳಿಯಲಿಲ್ಲ ನೋಡಿ. ಅಜ್ಜಿ ಕೈ ಒರೆಸಿಕೊಂಡು ಚಹಾ ತಂದಳು.

“ಬ್ಯಾಡ್ರಿ ಅಜ್ಜಿ, ಈಗಷ್ಟ ಕುಡದ ಬಂದೇನಿ.”

“ಅರ್ಧಾ ಕಪ್ಪರ ಕುಡೀರಿ.”

“ಖರೇನ ಬ್ಯಾಡ್ರಿ.”

“ಬ್ಯಾಡ ಅಂದ್ರ ಬಿಡ್ತೀವೇನ್ರಿ? ತಗೋರಿ.”

ತೆಗೆದುಕೊಂಡೆ. ನಮ್ಮ ಕಡೆ ಇದು ನಡೆಯುವುದೇ ಹೀಗೆ. ಮೊದಲನೆಯ ‘ಬ್ಯಾಡ’ವನ್ನು ಯಾರೂ ‘ಬ್ಯಾಡ’ ಎಂದು ತಿಳಿಯುವುದಿಲ್ಲ, ಅದು ಬಂದವರ ಸಂಕೋಚ. ಎರಡನೆಯದು ಮರ್ಯಾದೆ. ಮೂರನೆಯ ಸಲ ಒತ್ತಾಯ ಮಾಡದಿದ್ದರೆ ಆ ಮನೆಯವರು ಜಿಪುಣರು. ಕಪ್ಪು ಬಾಯಿಗೆ ಇಟ್ಟು ತಲೆ ಎತ್ತಿದರೆ ಹುಡುಗಿ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನನ್ನನ್ನು, ಕಪ್ಪನ್ನು, ಅಜ್ಜಿಯನ್ನು. ಈ ಮನೆಯಲ್ಲಿ ‘ಬ್ಯಾಡ’ ಎನ್ನುವ ಮಾತಿಗೆ ಬೆಲೆ ಇಲ್ಲ ಎಂದು ಅವಳು ಎಂಟು ವರ್ಷದಿಂದ ನೋಡುತ್ತ ಬಂದಿದ್ದಳು. ನಾನು ಹಲಗೆ ತಂದು ‘ಬ್ಯಾಡ ಅಂತ ಹೇಳು, ನಡೀತದೆ’ ಎಂದೆ. ಹೇಳಿ ನೋಡಿದಳು. ನಡೆಯಲಿಲ್ಲ.

ಅಜ್ಜಿಯೊಬ್ಬಳದೇ ತಪ್ಪೇ? ಪುಸ್ತಕ ತೆಗೆದು ಹಿಂದಿನ ಪುಟ ನೋಡಿದೆ. ನನ್ನದೇ ಅಕ್ಷರ: ‘ಹತ್ತಿ – ಬ್ಯಾಡ ನೋಡಿದಳು. ಖಚಿತಪಡಿಸಲು ಮತ್ತೊಮ್ಮೆ ಕೊಟ್ಟೆ.’ ಮತ್ತೊಮ್ಮೆ, ಮತ್ತೊಮ್ಮೆ. ಪುಟದ ತುಂಬ ಮತ್ತೊಮ್ಮೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನಾಚಿಕೆಯಾಯಿತು.

ಅಲ್ಲೇ ಕೂತು ಅಜ್ಜಿಗೆ ಹೇಳಿದೆ. ಇನ್ನು ಮುಂದೆ ಈ ಪಡಸಾಲೆಯಲ್ಲಿ ಯಾರೇ ಆಗಲಿ, ಒಂದು ಸಲ ಬ್ಯಾಡ ಅಂದರೆ ಮುಗಿಯಿತು. ಕೂಸಿಗೂ ಅದೇ, ನನಗೂ ಅದೇ, ಬಂದವರಿಗೂ ಅದೇ. ಅವಳಿಗೊಬ್ಬಳಿಗೆ ಬೇರೆ ಕಾಯಿದೆ ಮಾಡಿದರೆ ಅವಳು ನಂಬುವುದಿಲ್ಲ, ಎಲ್ಲರಿಗೂ ಆಗುವುದನ್ನು ಕಣ್ಣಾರೆ ಕಾಣಬೇಕು.

ಅಜ್ಜಿ ಎಲೆ ಕಟ್ಟುವುದನ್ನು ನಿಲ್ಲಿಸಿದಳು. “ನೀವು ಹೇಳೂದು ತಿಳೀತೇತ್ರಿ. ಆದ್ರ ಮನಿಗೆ ಬಂದಾಕಿ ಒಮ್ಮೆ ಬ್ಯಾಡ ಅಂದ್ಲಂತ ಹಂಗ ಕಳಿಸಿದ್ರ, ಮಂದಿ ಏನಂದಾರು? ನಮ್ಮ ಮಾವನೋರ ಕಾಲದಿಂದ ಈ ಮನ್ಯಾಗ ಯಾರೂ ಬರಿ ಬಾಯಲೆ ಹೋಗಿಲ್ರಿ.”

“ಶಿಬಿರ ಆಗೂತನಕ ಅಷ್ಟ, ಅಜ್ಜಿ.”

ಅವಳು ಮೊಮ್ಮಗಳ ಕಡೆ ನೋಡಿದಳು. ಎಣ್ಣೆ ಹಚ್ಚಿದ ಕೈ ಇನ್ನೂ ಮುಷ್ಟಿಯಾಗಿಯೇ ಇತ್ತು. ಅಜ್ಜಿ ಸೆರಗಿನ ತುದಿಯಿಂದ ಆ ಎಣ್ಣೆಯನ್ನು ಒರೆಸಿದಳು, ಬೆರಳ ಸಂದಿಯನ್ನೂ ಬಿಡದೆ. “ಆತು,” ಎಂದಳು.

ಮರುದಿನ ಹೋದೆ. ಅಜ್ಜಿ ಚಹಾ ತಂದಳು. ರೂಢಿ ನೋಡಿ, ನಾನು “ಬ್ಯಾಡ್ರಿ” ಎಂದೆ. ಅವಳು ಎರಡನೆಯ ಮಾತಾಡದೆ ಚಹಾ ಒಳಗೆ ಒಯ್ದಳು. ಚಳಿಯಲ್ಲಿ ಬಸ್ಸು ಇಳಿದು ಮೈಲಿ ನಡೆದು ಬಂದವಳು ನಾನು, ಗಂಟಲು ಆ ಚಹಾಕ್ಕಾಗಿಯೇ ಕಾದಿತ್ತು. ಮಾಡಿದ್ದುಣ್ಣೋ ಮಹಾರಾಯ. ಅಂದಿನಿಂದ ಬೇಕಿದ್ದರೆ ಬೇಕು ಎನ್ನುವುದನ್ನು ನಾನೂ ಕಲಿಯಬೇಕಾಯಿತು. ಈ ವಯಸ್ಸಿಗೆ ಅದೂ ಕಷ್ಟವೇ. ಬೀಗರ ಪೈಕಿ ಒಬ್ಬ ಹೆಂಗಸು ಹೀಗೆ ಬರಿಬಾಯಲ್ಲಿ ಹೋದವಳು ಊರೆಲ್ಲ ಹೇಳಿಕೊಂಡು ಬಂದಳಂತೆ. “ನನ್ನ ಹೆಸರು ಕೆಡಸಾಕ ಬಂದೀರಿ ನೋಡ್ರಿ,” ಎಂದು ಅಜ್ಜಿ ನನ್ನನ್ನು ಬೈದಳು. ಬೈದು, “ನೀವು ಚಾ ಕುಡಿಯೂದ ಬಿಟ್ಟಮ್ಯಾಲೆ ಚಾದ ಚಿತ್ರಾನರ ಇರಲಿ, ಹಚ್ರಿ,” ಎಂದಳು. ಹಲಗೆಯ ಕೆಳಗಿನ ಒಂದು ಮೂಲೆಗೆ ಚಹಾದ ಕಪ್ಪು-ಬಸಿಯ ಚಿತ್ರ ಬಂತು.

ಹುಡುಗಿ? ಮೊದಲ ಎರಡು ದಿನ ನೋಡಿದಳಷ್ಟೇ. ಮೂರನೆಯ ದಿನ ನಾನು ಶೇಂಗಾ ತೋರಿಸಿದೆ. ಕಣ್ಣು ಬಲ ಮೂಲೆಗೆ ಹೋಗಿ ನಿಂತಿತು. ‘ಬ್ಯಾಡ’. ಕೂಡಲೇ ಶೇಂಗಾ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದೆ. ಬೆಣ್ಣೆ, ಬ್ಯಾಡ. ಮುಚ್ಚಿದೆ. ಅವಳ ಪ್ರಾಣವಾಗಿದ್ದ ಒದ್ದೆ ಎಲೆ, ಅದೂ ಬ್ಯಾಡ. ಮುಚ್ಚಳ ಮುಚ್ಚಿದಾಗಲೆಲ್ಲ ಕಿಲಕಿಲ ನಗುತ್ತಿದ್ದಳು. ನಾಲ್ಕು ದಿನ ಹೀಗೇ ನಡೆಯಿತು. ಬೇಕು ಎನ್ನುವ ಮೂಲೆಯ ಕಡೆ ಒಂದು ಸಲವೂ ನೋಡಲಿಲ್ಲ. ಅಧಿಕಾರಿಗೆ ಹೆಸರು ಕಳಿಸುವ ದಿನ ಬಂತು. ಬ್ಯಾಡವೊಂದನ್ನೇ ಹೇಳುವ ಮಗುವನ್ನು ಪರೀಕ್ಷಕರ ಮುಂದೆ ಕೂರಿಸುವುದು ಹುಚ್ಚುತನ. ಆದರೆ ಎಂಟು ವರ್ಷದ ಬಾಕಿ ಬ್ಯಾಡಗಳನ್ನು ಅವಳು ಒಟ್ಟಿಗೆ ಹೇಳಿ ಮುಗಿಸುತ್ತಿದ್ದಾಳೆ ಎಂದು ನನಗೆ ಅನಿಸಿತ್ತು. ಹೆಸರು ಕಳಿಸಿದೆ.

ಮಾರನೆಯ ಮುಂಜಾನೆ ಅಜ್ಜಿ ತಾನಾಗಿಯೇ ಒಂದು ತಯಾರಿ ಮಾಡಿಟ್ಟಿದ್ದಳು. ಕಡಲೆ ಗಿಡದ ಇಬ್ಬನಿ ಹುಳಿ ಇರುತ್ತದೆ. ಸಂಜೆ ಗಿಡದ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಆ ಹುಳಿ ತೆಗೆಯುತ್ತಾರೆ, ಹೊಟ್ಟೆನೋವಿಗೆ ಒಳ್ಳೆಯದೆಂದು. ಪಕ್ಕದ ಹೊಲದಿಂದ ಆ ಬಟ್ಟೆಯನ್ನೇ ಹಿಂಡದೆ ತರಿಸಿ, ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು.

“ನಾ ಸಣ್ಣಾಕಿ ಇದ್ದಾಗ ಇದನ್ನ ಚೀಪೀವ್ರಿ,” ಎಂದಳು. ಉಪ್ಪಿನ ಗಂಟಿನಿಂದ ಹುಡುಗಿಯ ಕೈ ಕಾಸಿದೆವು. ಬಟ್ಟೆ ತೋರಿಸಿ, ಕೈಯ ಹಿಂಬದಿಗೆ, ಅಂಗೈಗೆ, ಮೂಗಿಗೆ. ಹತ್ತು ಎಣಿಸಿದೆ. ಹಲಗೆ ಎತ್ತಿದೆ. ಅವಳು ಬಹಳ ಹೊತ್ತು ಕಿಂಡಿಯಿಂದ ನನ್ನನ್ನೇ ನೋಡಿದಳು. ಆಮೇಲೆ ನೋಟ ಮೇಲೆ ಎಡಕ್ಕೆ ಹೋಯಿತು. ‘ಬೇಕು’. ಒಂದು, ಎರಡು. ನನ್ನ ಮುಖಕ್ಕೆ ಮರಳಿತು.

ಅಜ್ಜಿ ಬಟ್ಟೆಯ ಅಂಚನ್ನು ತುಟಿಗೆ ಸೋಕಿಸಿದಳು. ಹುಳಿಗೆ ಹುಡುಗಿಯ ಮೈಯೆಲ್ಲ ಜುಂ ಎಂದು, ಕಣ್ಣು ಕಿರಿದಾಗಿ, ಮುಖ ಮುದ್ದೆಯಾಯಿತು. ಅಜ್ಜಿ ಗಾಬರಿಯಿಂದ ಕೈ ಹಿಂದೆ ತೆಗೆದಳು. ಹುಡುಗಿ ಕಣ್ಣು ಬಿಟ್ಟು ಸೀದಾ ‘ಬೇಕು’ ನೋಡಿದಳು. ಮುಖದ ತುಂಬ ಬ್ಯಾಡ ಇದ್ದರೂ ಕಣ್ಣು ಬೇಕು ಎನ್ನುತ್ತಿತ್ತು. ಹಲಗೆ ಇರದಿದ್ದರೆ ನಾವಿಬ್ಬರೂ ಆ ಮುಖ ನೋಡಿ ತಪ್ಪೇ ತಿಳಿಯುತ್ತಿದ್ದೆವು. ಏಳು ಸಲ ಕೇಳಿ ಹಾಕಿಸಿಕೊಂಡಳು. ಎಂಟನೆಯ ಸಲ ‘ಬ್ಯಾಡ’. ಅಜ್ಜಿ ತಟ್ಟನೆ ಡಬ್ಬಿ ಮುಚ್ಚಿದಳು. ನಾನು ಹಲಗೆ ಕೆಳಗಿಟ್ಟು ಸ್ವಲ್ಪ ಅತ್ತೆ. ಅಜ್ಜಿ ನೋಡಿಯೂ ನೋಡದಂತೆ ಎಲೆ ಕಟ್ಟಿದಳು.

ಶಿಬಿರದ ದಿನ ಮೂರು ಗಾಲಿಯ ಬಾಡಿಗೆ ಟಂಟಂನಲ್ಲಿ ಬಂಕಾಪುರದ ಮೇಲೆ ಹಾನಗಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಗಾಳಿ. ಕೌದಿ ಹೊದಿಸಿದರೂ ಹುಡುಗಿಯ ಕೈ ಬಿಗಿದಿತ್ತು. ಉಪ್ಪಿನ ಗಂಟು ಚೀಲದಲ್ಲಿತ್ತು, ಕಾಸಲು ಅಲ್ಲಿ ಒಲೆ ಇರಲಿಲ್ಲ. ಫರಸಿ ಕಲ್ಲು ಹಾಸಿದ ದೊಡ್ಡ ಸಭಾಭವನ, ಕಾಲಿಟ್ಟರೆ ಕೊರೆಯುತ್ತಿತ್ತು.

ಪರೀಕ್ಷಕ ಹೊರಗಿನಿಂದ ಬಂದ ತರುಣ. ಸಭ್ಯ. ಅಜ್ಜಿ ಕೂತವಳೇ ಚೀಲದಿಂದ ಕುರುಕಲು ತಿಂಡಿಯ ಡಬ್ಬಿ ತೆಗೆದಳು. “ಸವಣೂರ ಖಾರಾ ಐತ್ರಿ ಸಾಹೇಬ್ರ, ತಗೋರಿ.”

“ಬೇಡ ಅಮ್ಮ,” ಎಂದ ಆತ.

ಅಜ್ಜಿಯ ಚಾಚಿದ ಕೈ ಅಲ್ಲೇ ನಿಂತಿತು. ಎರಡನೆಯ ಸಲ ಹೇಳಲು ತುಟಿ ಬಿರಿದದ್ದು ನನಗೆ ಕಂಡಿತು. ಅಜ್ಜಿ ಮೊಮ್ಮಗಳನ್ನು ನೋಡಿದಳು, ಡಬ್ಬಿ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಆ ಜೀವಕ್ಕೆ ಅದೆಷ್ಟು ಕಷ್ಟವಾಯಿತೋ.

ಜೊತೆಗೆ ಬಂದವರು ಮಗುವಿಗೆ ಸನ್ನೆ ಮಾಡಬಾರದು, ಮಾತಾಡಬಾರದು ಎಂಬುದು ಅಲ್ಲಿಯ ನಿಯಮ. ನಾನು ಗೋಡೆಗೆ ಒರಗಿ ನಿಂತೆ. ಪರೀಕ್ಷಕ ಹಲಗೆ ಹಿಡಿದು, ಮೇಜಿನ ಮೇಲಿನ ವಸ್ತುಗಳಲ್ಲಿ ಒಂದು ಸ್ಟೀಲ್ ತಂಬಿಗೆ ಎತ್ತಿ ಸೀದಾ ಅವಳ ಅಂಗೈಗೆ ಒತ್ತಿದ. ಆ ಚಳಿಗೆ ತಂಬಿಗೆ ಹೇಗಿದ್ದೀತು? ಹುಡುಗಿ ಬೆಚ್ಚಿ ಬಲ ಮೂಲೆಗೆ ನೋಡಿದಳು. ‘ಬ್ಯಾಡ’. “ಇನ್ನೊಂದು ಸಲ ಮುಟ್ಟಿ ನೋಡೋಣ ಪುಟ್ಟಿ,” ಎಂದ ಆತ. ಮತ್ತೆ ‘ಬ್ಯಾಡ’. “ಇನ್ನೊಂದೇ ಸಲ.” ಅವಳು ಕಣ್ಣು ಮುಚ್ಚಿದಳು. ಆತ ಸ್ವಲ್ಪ ಕಾದು, ಕಾಗದದ ಮೇಲೆ ಬರೆಯುತ್ತ ತನಗೆ ತಾನೇ ಎಂಬಂತೆ ಓದಿಕೊಂಡ: “ಪ್ರತಿಕ್ರಿಯೆ ಇಲ್ಲ.”

ನಾನು ಮಾತಾಡಿದರೆ ಪರೀಕ್ಷೆಯೇ ರದ್ದು, ಆಡದಿದ್ದರೂ ಹೋಯಿತು. ಮಾತಾಡಿದವಳು ಅಜ್ಜಿ.

“ಸಾಹೇಬ್ರ, ಪೆನ್ನ ಕೆಳಗ ಇಟ್ಟೀರಿ, ಅಂದ್ರ ಈಗ ಒಂದ ಮಾತ ಕೇಳಲೇನ್ರಿ?”

“ಕೇಳಿ ಅಮ್ಮ.”

“ನಾ ಖಾರಾ ಕೊಟ್ಟಾಗ ನೀವು ಬ್ಯಾಡ ಅಂದ್ರಿ. ಎಷ್ಟ ಸಲ ಅಂದ್ರಿ?”

“ಒಂದು ಸಲ.”

“ನಾ ಮತ್ತ ಒತ್ತಾಯ ಮಾಡಿದ್ನೇನ್ರಿ?”

“ಇಲ್ಲ.”

“ನಮ್ಮ ಕೂಸು ಎರಡ ಸಲ ಬ್ಯಾಡ ಅಂದೈತ್ರಿ. ತಂಬಗಿ ತಣ್ಣಗ ಐತಿ, ಅದಕ ಅಂದೈತಿ. ನೀವು ಕೇಳಲಿಲ್ಲ, ಅದಕ ಕಣ್ಣ ಮುಚ್ಚೇತಿ. ನಾನೂ ಹಿಂಗ ಮಾಡಾಕಿ, ನನ್ನ ಮುಂದೂ ಹಿಂಗ ಮುಚ್ತಿತ್ತು. ಏನೂ ಹೇಳಿಲ್ಲ ಅಂತ ಹ್ಯಾಂಗ ಬರೀತೀರಿ?”

ಆತ ನನ್ನ ಕಡೆ ನೋಡಿದ. ತಾನು ಹಿಡಿದಿದ್ದ ಹಲಗೆಯ ಬಲ ಮೂಲೆ ನೋಡಿದ. ಒಳ್ಳೆಯ ಮನುಷ್ಯ, ನಾನು ಇಂದಿಗೂ ಅದನ್ನು ಹೇಳುತ್ತೇನೆ. ಕುರ್ಚಿ ಎಳೆದು ಹುಡುಗಿಯ ಕಣ್ಣಿನ ಮಟ್ಟಕ್ಕೆ ಕೂತ. “ತಪ್ಪಾಯ್ತು ಪುಟ್ಟಿ. ನೀನು ಹೇಳಿದ್ದು ನಾನು ಕೇಳಲಿಲ್ಲ,” ಎಂದ. ಅಜ್ಜಿ ಮೊಮ್ಮಗಳ ಎರಡೂ ಕೈ ತನ್ನ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿದಳು. ಹುಡುಗಿ ಕಣ್ಣು ತೆರೆಯುವವರೆಗೆ ಆತ ಕಾದ. ನನಗಿಂತ ಚೆನ್ನಾಗಿ ಕಾದ.

ಆಮೇಲೆ ತಂಬಿಗೆಯನ್ನು ದೂರದಿಂದ ತೋರಿಸಿ ಒಂದೇ ಸಲ ಕೇಳಿದ. ‘ಬ್ಯಾಡ’. ಆತ ಅದನ್ನು ಮೇಜಿನಿಂದಲೇ ತೆಗೆದು ಕೆಳಗಿಟ್ಟ. ಹುಡುಗಿ ಕಿಲಕಿಲನೆ ನಕ್ಕಳು. ಉಣ್ಣೆಯ ಉಂಡೆ ತೋರಿಸಿದ. ‘ಬೇಕು’, ಮತ್ತು ನೋಟ ಆತನ ಮುಖಕ್ಕೆ ಮರಳಿತು. ಕೆಳಗಿನ ಮೂಲೆಗಳ ಚಿತ್ರ ಬದಲಿಸಿ, ಬದಲಿಸಿ ಕೇಳಿದ. ಗಂಟೆಯ ನಾದ ಬೇಕು, ಬ್ರಷ್ ಬ್ಯಾಡ, ಉಣ್ಣೆ ಮತ್ತೊಮ್ಮೆ ಬೇಕು. ಮುಗಿದ ಮೇಲೆ ಮೊದಲು ಬರೆದ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದು ಅಜ್ಜಿಗೆ ಓದಿ ಹೇಳಿದ: “ನಿರಾಕರಣೆ ಸ್ಪಷ್ಟ. ಆಯ್ಕೆ ಸ್ಪಷ್ಟ. ಯಂತ್ರಕ್ಕೆ ಶಿಫಾರಸು ಮಾಡಿದೆ.” ಹೇಳಿ, “ಅಮ್ಮ, ಈಗ ಖಾರ ಕೊಡ್ತೀರಾ?” ಎಂದ. ಅಜ್ಜಿ ಡಬ್ಬಿಯನ್ನೇ ಆತನ ಮುಂದೆ ಇಟ್ಟುಬಿಟ್ಟಳು.

ನನಗೆ ಹೆಮ್ಮೆಯಾಯಿತು. ಯಾಕೆ ಮುಚ್ಚಿಡಲಿ, ಬಹಳ ಹೆಮ್ಮೆಯಾಯಿತು. ಆ ಸಭಾಭವನದಲ್ಲಿ ಕಲಿತವರು ಬಹಳ ಜನ ಇದ್ದೆವು. ಮಗುವಿನ ಮಾತನ್ನು ಮಾತೆಂದು ಗುರುತಿಸಿ ಎದ್ದು ಹೇಳಿದವಳು ಎಲೆ ಕಟ್ಟುವ ಒಬ್ಬ ಮುದುಕಿ. ಅವಳಿಗೆ ಅದನ್ನು ಕಲಿಸಿದವಳು ಒಂದು ಮಾತೂ ಆಡದ ಹುಡುಗಿ.

ಫೆಬ್ರವರಿ ಮೊದಲ ವಾರ ಕೊನೆಯ ಭೇಟಿಗೆ ಹೋದೆ. ಚಳಿ ಸರಿದಿತ್ತು. ಪೆಟ್ಟಿಗೆಯ ಬಾಟಲಿಯಲ್ಲಿ ಎಣ್ಣೆ ತಿಳಿಯಾಗಿತ್ತು. ಯಂತ್ರ ಬರಲು ಇನ್ನೂ ಸಮಯವಿತ್ತು, ಹುಡುಗಿಯ ಮುಂದೆ ಅದೇ ನಂಬರ್ ಪ್ಲೇಟಿನ ಹಾಳೆ. ಹೊರಡಲು ಚೀಲ ಹೆಗಲಿಗೆ ಹಾಕುವಾಗ ಅಜ್ಜಿ, “ಚಾ ಮಾಡ್ಲೇನ್ರಿ?” ಎಂದಳು.

“ಬ್ಯಾಡ್ರಿ ಅಜ್ಜಿ, ಬಸ್ಸಿನ ಹೊತ್ತಾತು.”

ಅಜ್ಜಿ ತಲೆಯಾಡಿಸಿ ಮತ್ತೆ ಎಲೆ ಕಟ್ಟಲು ಕೂತಳು. ಈಗ ಅವಳಿಗೆ ಅದು ರೂಢಿಯಾಗಿತ್ತು. ಬಾಗಿಲ ಕಡೆ ತಿರುಗಿದರೆ ಹಿಂದಿನಿಂದ ಒಂದು ಸದ್ದು, ಹುಡುಗಿ ಗಂಟಲಲ್ಲಿ ಮಾಡುವ ಸದ್ದು. ನನ್ನನ್ನು ಕರೆಯುವಾಗ ಮಾಡುವಂಥದ್ದು. ಚೀಲ ಇಳಿಸಿ ಹಲಗೆ ಹಿಡಿದು ಕೂತೆ. ಅವಳು ಕೆಳಗಿನ ಮೂಲೆಯ ಕಪ್ಪು ಬಸಿ ನೋಡಿದಳು. ಆಮೇಲೆ ನನ್ನನ್ನು.

“ನಿನಗ ಚಾ ಬೇಕೇನವ್ವಾ?” ಎಂದೆ. ‘ಬ್ಯಾಡ’. ಮತ್ತೆ ಕಪ್ಪು ಬಸಿ, ಮತ್ತೆ ನಾನು.

“ನನಗಂತೀಯೇನು? ಬ್ಯಾಡವ್ವಾ, ಬಸ್ಸ ಹೊಕ್ಕೇತಿ.”

ಅವಳು ಕದಲಲಿಲ್ಲ. ಕಪ್ಪು ಬಸಿ. ನಾನು. ಅಜ್ಜಿ ಎಲೆಯ ಕಟ್ಟು ಕೆಳಗಿಟ್ಟು ನೋಡುತ್ತಿದ್ದಳು.

“ಖರೇನ ಬ್ಯಾಡ,” ಎಂದೆ.

ನನಗೆಂದು ಮೂರನೆಯ ಸಲ ಆ ಕಣ್ಣು ಕಪ್ಪು ಬಸಿಗೆ ಹೋಗಿ, ಒಂದು, ಎರಡು, ಅಲ್ಲೇ ನಿಂತು, ನನ್ನ ಮುಖಕ್ಕೆ ಮರಳಿತು.

“ಅಕ್ಕೋರ,” ಎಂದಳು ಅಜ್ಜಿ, ಮೊಣಕಾಲಿಗೆ ಕೈ ಊರಿ ಏಳುತ್ತ, “ಮನಿಯಾಕಿ ಮೂರು ಸಲ ಕೇಳಿದ್ಲು. ಇನ್ನ ಹಂಗ ಹೋದ್ರ ಚಂದ ಅಲ್ರಿ.”

ಕೂತು ಚಹಾ ಕುಡಿದೆ. ಆ ಬಸ್ಸು ಹೋಯಿತು.